ಕಾಲಿಂಚಿನ ಕಾಲು: ಹೊಲಿಗೆ ಯಂತ್ರದ ಪಾದದ ಕಥೆ



ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಆ ಹಾಸಿಗೆಯನ್ನು ಹೊಲಿಯುವ ಯಂತ್ರಕ್ಕೂ ಒಂದು ಕಾಲು ಉಂಟು. ಆ ಕಾಲು ನೆಟ್ಟಗಿಲ್ಲದಿದ್ದರೆ ಹಾಸಿಗೆಯೂ ನೆಟ್ಟಗಾಗುವುದಿಲ್ಲ. ಇದು ಹೊಲಿಗೆಯವರನ್ನು ಬಿಟ್ಟರೆ ಬೇರೆಯವರಿಗೆ ಅಷ್ಟಾಗಿ ಗೊತ್ತಿರುವ ಮಾತಲ್ಲ. ಸೂಜಿಯ ಎರಡೂ ಬದಿಗೆ ಕೂತು ಬಟ್ಟೆಯನ್ನು ಒತ್ತಿ ಹಿಡಿಯುವ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಆ ಲೋಹದ ತುಂಡಿಗೆ ದರ್ಜಿಗಳು ಫೂಟ್ ಎನ್ನುತ್ತಾರೆ, ಕೆಲವರು ಪಾದ ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ಕಾಲು ಎಂದರೆ ನಡೆಯುವ ಕಾಲೂ ಹೌದು, ನಾಲ್ಕರಲ್ಲಿ ಒಂದು ಪಾಲೂ ಹೌದು. ತುಂಡು ಬಟ್ಟೆ ಜೋಡಿಸುವ ಕೆಲಸದಲ್ಲಿ ಈ ಎರಡು ಅರ್ಥಗಳೂ ಒಂದೇ ಕಡೆ ಬಂದು ಸೇರುತ್ತವೆ. ಯಾಕೆಂದರೆ ಆ ಕೆಲಸಕ್ಕೆ ಬೇಕಾದದ್ದು ಕಾಲು ಇಂಚಿನ ಕಾಲು.

ಸಾಲ, ಬೀಜ, ಗೊಬ್ಬರದ ಲೇಖನಗಳ ನಡುವೆ ಹೊಲಿಗೆ ಮಿಷನ್ನಿನ ಪಾದಕ್ಕೇನು ಕೆಲಸ ಎಂದು ಕೆಲವರಿಗೆ ಅನಿಸಬಹುದು. ಈ ಸಣ್ಣ ಸಾಮಾನಿನ ಹಿಂದೆ ಸುಮಾರು 200 ವರ್ಷಗಳ ಇತಿಹಾಸ ಇದೆ. ಆ ಇತಿಹಾಸದಲ್ಲಿ ಕೂಲಿಯ ಪ್ರಶ್ನೆ ಇದೆ, ಕಂತಿನ ಸಾಲ ಇದೆ, ಸಮನಾದ ಅಳತೆಯ ಮಾತೂ ಇದೆ. ಇವೆಲ್ಲ ನಮ್ಮ ಸಂಘದ ಸದಸ್ಯರಿಗೆ ದಿನದಿನವೂ ಬೇಕಾದ ವಿಷಯಗಳೇ. ಅದಕ್ಕೇ ಈ ಬರೆಹ.

ಕೈಹೊಲಿಗೆಯ ಕಾಲ

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಇಲ್ಲದ ಮನೆ ಇರಲಿಲ್ಲ. ಹಳೇ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಕುಪ್ಪಸದ ಚೂರು, ಯಾವುದನ್ನೂ ಬಿಸಾಕದೆ ಒಂದರ ಮೇಲೊಂದು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ದಪ್ಪ ದಾರದಲ್ಲಿ ಉದ್ದಕ್ಕೂ ಓಡು ಹೊಲಿಗೆ ಹಾಕಿದರೆ ಕೌದಿ. ಹುಟ್ಟಿದ ಕೂಸಿಗೆ ಮೊದಲ ಹಾಸಿಗೆ ಅದೇ, ಚಕ್ಕಡಿಯಲ್ಲಿ ಹಾಸುವುದೂ ಅದೇ, ಚಳಿಗಾಲದಲ್ಲಿ ಹೊದೆಯುವುದೂ ಅದೇ. "ಅಜ್ಜಿ ಸೀರಿ ಮೈಮ್ಯಾಲಿದ್ರ ಅಜ್ಜೀನ ಅಪ್ಪಿಕೊಂಡಂಗ" ಎಂದು ಹೆಣ್ಣುಮಕ್ಕಳು ಹೇಳುವ ಮಾತು ಸುಳ್ಳಲ್ಲ.

ಇದೇ ಬಗೆಯ ಇನ್ನೊಂದು ದೊಡ್ಡ ಪರಂಪರೆ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಜನರಲ್ಲಿದೆ. ಆಫ್ರಿಕಾ ಮೂಲದ ಈ ಜನರ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದ್ ಎಂದು ಹೆಸರು. ಅವರು ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂವು ಇಡುತ್ತಾರೆ. ಅದಕ್ಕೆ ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕವಂದ್ ಅವರ ಲೆಕ್ಕದಲ್ಲಿ ಪೂರ್ತಿಯಾದದ್ದಲ್ಲ. 2004ರಲ್ಲಿ ಸಿದ್ದಿ ಹೆಂಗಸರ ಕವಂದ್ ಹೊಲಿಗೆಗೆಂದೇ ಒಂದು ಸಹಕಾರಿ ಕೂಟ ಹುಟ್ಟಿತು. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರು ಅದಕ್ಕೆ ನೆರವಾದರು. ಹಳ್ಳಿಯ ಹೆಂಗಸರ ಸೂಜಿಯ ಕೆಲಸ ಸಹಕಾರ ತತ್ವದಿಂದ ದೂರದ ಊರುಗಳಿಗೆ ಮುಟ್ಟಿದ್ದಕ್ಕೆ ಇದು ನಮ್ಮ ನಾಡಿನದೇ ಉದಾಹರಣೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೌದಿಯಲ್ಲಾಗಲಿ ಕವಂದ್‌ನಲ್ಲಾಗಲಿ ತುಂಡನ್ನು ಕೆಳಗಿನ ಬಟ್ಟೆಯ ಮೇಲೆ ಇಟ್ಟು ಹೊಲಿಯುತ್ತಾರೆ. ಒಂದು ತುಂಡು ಅರ್ಧ ಇಂಚು ಹೆಚ್ಚಾದರೆ ಮಡಚಿದರಾಯಿತು, ಕಡಿಮೆಯಾದರೆ ಪಕ್ಕದ ತುಂಡನ್ನು ಅದರ ಮೇಲೆ ಸ್ವಲ್ಪ ಎಳೆದರಾಯಿತು. ಕಣ್ಣಳತೆಯೇ ಅಳತೆ. ತಪ್ಪು ಅಲ್ಲಲ್ಲೇ ಕರಗಿಹೋಗುತ್ತದೆ. ಆದ್ದರಿಂದ ನಮ್ಮ ಅಜ್ಜಿಯಂದಿರಿಗೆ ಪಟ್ಟಿ, ಟೇಪು ಬೇಕಾಗಲಿಲ್ಲ.

ಆದರೆ ಪಶ್ಚಿಮ ದೇಶಗಳಲ್ಲಿ ಬೆಳೆದ ಪ್ಯಾಚ್‌ವರ್ಕ್ ಬೇರೆ ತರಹದ್ದು. ಅಲ್ಲಿ ಚೌಕ, ತ್ರಿಕೋನಗಳನ್ನು ಲೆಕ್ಕದಿಂದ ಕತ್ತರಿಸಿ, ಎರಡು ತುಂಡುಗಳನ್ನು ಮುಖಕ್ಕೆ ಮುಖ ಮಾಡಿ ಹಿಡಿದು, ಅಂಚಿನಿಂದ ಕಾಲು ಇಂಚು ಒಳಗೆ ಹೊಲಿದು, ಬಿಡಿಸಿ ಇಸ್ತ್ರಿ ಮಾಡಿ ಮುಂದಿನ ತುಂಡಿಗೆ ಜೋಡಿಸುತ್ತಾರೆ. ಹೀಗೆ ಮೇಲ್ಪದರ ಪೂರ್ತಿಯಾದ ಮೇಲೆ ನಡುವೆ ಹತ್ತಿ, ಕೆಳಗೆ ಅಸ್ತರು ಇಟ್ಟು ಮೂರನ್ನೂ ಕೂಡಿಸಿ ಹೊಲಿಯುತ್ತಾರೆ. ಅದಕ್ಕೆ ಕ್ವಿಲ್ಟ್ ಎಂದು ಹೆಸರು. ಇಲ್ಲಿ ತಪ್ಪು ಕರಗುವುದಿಲ್ಲ, ಕೂಡುತ್ತ ಹೋಗುತ್ತದೆ. ಪಾದದ ಮಹತ್ವ ಬರುವುದೇ ಈ ಜಾಗದಲ್ಲಿ.

ಯಂತ್ರದ ಹುಟ್ಟು, ದರ್ಜಿಗಳ ಸಿಟ್ಟು

ಫ್ರಾನ್ಸ್ ದೇಶದ ಬಾರ್ತೆಲೆಮಿ ತಿಮೊನಿಯೆ ಎಂಬ ಬಡ ದರ್ಜಿ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಪ್ಯಾರಿಸ್‌ನಲ್ಲಿ ಆ ಯಂತ್ರಗಳನ್ನು ಕೂಡಿಸಿ ಸೈನಿಕರ ಸಮವಸ್ತ್ರ ಹೊಲಿಯುವ ಕಾರ್ಖಾನೆಯೂ ನಡೆಯಿತು. ತಮ್ಮ ಅನ್ನಕ್ಕೆ ಕುತ್ತು ಬಂತೆಂದು ಸಿಟ್ಟಾದ ದರ್ಜಿಗಳು 1831ರಲ್ಲಿ ನುಗ್ಗಿ ಯಂತ್ರಗಳನ್ನು ಪುಡಿಪುಡಿ ಮಾಡಿದರು. ತಿಮೊನಿಯೆ ಬಡವನಾಗಿಯೇ ತೀರಿಕೊಂಡ.

ಅಮೆರಿಕದ ನ್ಯೂಯಾರ್ಕಿನಲ್ಲಿ ವಾಲ್ಟರ್ ಹಂಟ್ ಎಂಬವನು 1830ರ ದಶಕದ ಮೊದಲ ವರ್ಷಗಳಲ್ಲಿ ಎರಡು ದಾರಗಳ ಹೊಲಿಗೆ ಹಾಕುವ ಯಂತ್ರ ಮಾಡಿದ. ಮೇಲೊಂದು ದಾರ, ಕೆಳಗೊಂದು ದಾರ, ಎರಡೂ ಬಟ್ಟೆಯ ನಡುವೆ ಒಂದಕ್ಕೊಂದು ಗಂಟುಬೀಳುವ ಹೊಲಿಗೆ ಅದು. ಅವನು ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಹೊಲಿದು ಬದುಕುವ ಹೆಂಗಸರ ಕೆಲಸ ಹೋದೀತು ಎಂದು ಮನೆಯವರೇ ಬೇಡವೆಂದರು ಎಂಬ ಕಥೆ ಇದೆ. ಮುಂದೆ ಎಲಿಯಾಸ್ ಹೋವ್ ಎಂಬವನು 1846ರ ಸೆಪ್ಟೆಂಬರ್ 10ರಂದು ಇದೇ ಬಗೆಯ ಹೊಲಿಗೆಯ ಯಂತ್ರಕ್ಕೆ ಪೇಟೆಂಟ್ ಪಡೆದ.

ಹೋವ್‌ನ ಯಂತ್ರಕ್ಕೆ ಪಾದ ಇರಲಿಲ್ಲ. ಅದರಲ್ಲಿ ಮುಳ್ಳುಗಳಿದ್ದ ಒಂದು ಲೋಹದ ಪಟ್ಟಿಗೆ ಬಟ್ಟೆಯನ್ನು ನೇತುಹಾಕಬೇಕಿತ್ತು. ಪಟ್ಟಿ ಸರಿದಷ್ಟು ದೂರ ಹೊಲಿಗೆ, ಪಟ್ಟಿ ಮುಗಿದರೆ ನಿಲ್ಲಿಸಿ ಬಟ್ಟೆಯನ್ನು ಮತ್ತೆ ಸಿಕ್ಕಿಸಬೇಕು. ಬಟ್ಟೆಯನ್ನು ಬೇಕಾದ ಕಡೆ ತಿರುಗಿಸಿ ಹೊಲಿಯಲು ದಾರಿಯೇ ಇರಲಿಲ್ಲ.

ಇದನ್ನು ಬಿಡಿಸಿದವನು ಐಸಾಕ್ ಮೆರಿಟ್ ಸಿಂಗರ್. 1851ರ ಆಗಸ್ಟ್ 12ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ಅವನ ಯಂತ್ರದಲ್ಲಿ ಬಟ್ಟೆ ಮೇಜಿನ ಮೇಲೆ ಮಲಗಿತು, ಸೂಜಿ ಮೇಲಿಂದ ನೇರ ಕೆಳಗೆ ಇಳಿಯಿತು, ಸೂಜಿಯ ಪಕ್ಕದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಬಂತು. ಸೂಜಿ ಮೇಲೇಳುವಾಗ ಬಟ್ಟೆಯನ್ನೂ ಎಳೆದುಕೊಂಡು ಏಳುತ್ತದೆ. ಪಾದ ಅದನ್ನು ತಡೆದು ಕೂರಿಸಿದರೆ ಮಾತ್ರ ದಾರದ ಕುಣಿಕೆ ಸರಿಯಾಗಿ ಬಿದ್ದು ಹೊಲಿಗೆ ಕೂಡುತ್ತದೆ. ಈಗಲೂ ಪಾದ ಇಳಿಸುವುದನ್ನು ಮರೆತು ಮಿಷನ್ ತುಳಿದು ನೋಡಿರಿ, ಬಟ್ಟೆಯ ಕೆಳಗೆ ದಾರ ಗೋಜಲಾಗುತ್ತದೆ. ಪಾದದ ಕೆಲಸವೇನೆಂದು ಅಷ್ಟರಲ್ಲೇ ತಿಳಿದುಬಿಡುತ್ತದೆ.

ಇನ್ನು ಬಟ್ಟೆಯನ್ನು ಮುಂದಕ್ಕೆ ದೂಡುವವರು ಯಾರು? ಅದು ಪಾದದ ಕೆಳಗಿನ ಹಲ್ಲಿನ ಕೆಲಸ. ಅಲೆನ್ ವಿಲ್ಸನ್ ಎಂಬ ಕುಶಲಕರ್ಮಿ 1854ರಲ್ಲಿ ಇದಕ್ಕೆ ನಾಲ್ಕು ನಡೆಯ ಉಪಾಯ ಕಂಡುಹಿಡಿದ. ಹಲ್ಲು ಮೇಲೇಳುತ್ತದೆ, ಬಟ್ಟೆಯನ್ನು ಕಚ್ಚಿ ಮುಂದೆ ಸರಿಸುತ್ತದೆ, ಕೆಳಗಿಳಿಯುತ್ತದೆ, ಹಿಂದೆ ಬರುತ್ತದೆ. ನಮ್ಮ ಮನೆಯ ಕಪ್ಪು ಮಿಷನ್ನಿನಲ್ಲೂ ಇದೇ ನಾಲ್ಕು ನಡೆ. ಮೇಲೆ ಪಾದ, ಕೆಳಗೆ ಹಲ್ಲು, ಇವೆರಡರ ಹೊಂದಾಣಿಕೆಯೇ ಹೊಲಿಗೆ.

ಒಡೆಯರ ಕೂಟ, ಕಂತಿನ ಸಾಲ

ಒಂದೇ ಯಂತ್ರಕ್ಕೆ ಹಲವರ ಪೇಟೆಂಟ್ ಆದಾಗ ಒಬ್ಬರ ಮೇಲೊಬ್ಬರು ದಾವೆ ಹೂಡಿದರು. ಕೊನೆಗೆ 1856ರಲ್ಲಿ ಹೋವ್ ಮತ್ತು ಮೂರು ಕಂಪನಿಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡರು. ಯಾರೇ ಯಂತ್ರ ತಯಾರಿಸಿದರೂ ಆ ಕೂಟಕ್ಕೆ ಹಣ ಕಟ್ಟಬೇಕು. ಇದರ ಕೊನೆಯ ಪೇಟೆಂಟ್ ಮುಗಿದದ್ದು 1877ರಲ್ಲಿ. ಆಮೇಲೆ ಯಂತ್ರದ ಬೆಲೆ ಇಳಿಯಿತು. ಕೂಟ ಕಟ್ಟುವ ಬುದ್ಧಿ ಒಡೆಯರಿಗೆ ಮೊದಲೇ ಇತ್ತು ಎಂಬುದನ್ನು ನೋಡಿರಿ. ದುಡಿಯುವವರು ತಮ್ಮ ಕೂಟ ತಾವು ಕಟ್ಟಿಕೊಂಡರೆ ಅದಕ್ಕೆ ಸಹಕಾರ ಸಂಘ ಎಂದು ಹೆಸರು.

ಅದೇ 1856ರಲ್ಲಿ ಸಿಂಗರ್ ಕಂಪನಿಯ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಕಂತಿನ ಮೇಲೆ ಯಂತ್ರ ಕೊಡುವ ಪದ್ಧತಿ ತಂದ. ಸ್ವಲ್ಪ ಮುಂಗಡ ಕೊಟ್ಟು ಯಂತ್ರ ಒಯ್ಯುವುದು, ಹೊಲಿದು ಗಳಿಸಿ ತಿಂಗಳು ತಿಂಗಳು ತೀರಿಸುವುದು. ಬಡ ಮನೆಗಳಿಗೆ ಯಂತ್ರ ಬಂದದ್ದು ಇದರಿಂದಲೇ. ಕಂತು ತಪ್ಪಿದರೆ ಕಂಪನಿಯವರು ಯಂತ್ರ ಹೊತ್ತುಕೊಂಡು ಹೋಗುವುದೂ ಇತ್ತು. 1904ರ ಕಾಯಿದೆಯ ನಂತರ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಪತ್ತಿನ ಸಂಘ ಕಟ್ಟಿದಾಗ ಅವರ ಮುಂದೆ ಇದ್ದದ್ದೂ ಇದೇ ಪ್ರಶ್ನೆ: ಬಡವನಿಗೆ ಸಾಲ ಬೇಕು, ಆದರೆ ಆ ಸಾಲ ಅವನ ಕುತ್ತಿಗೆಗೆ ಉರುಳಾಗಬಾರದು.

ಪೆಟ್ಟಿಗೆ ತುಂಬ ಪಾದಗಳು

ಯಂತ್ರ ಮನೆಮನೆಗೆ ಬಂದಂತೆ ಒಂದೇ ಪಾದ ಸಾಲದಾಯಿತು. ಅಂಚು ಮಡಚಲು ಒಂದು, ನಿರಿಗೆ ಹಿಡಿಯಲು ಒಂದು, ಪಟ್ಟಿ ಕಟ್ಟಲು ಒಂದು. 1889ರಲ್ಲಿ ಪೇಟೆಂಟ್ ಆದ ಸಿಂಗರ್ ಕಂಪನಿಯ ಮರದ ಪೆಟ್ಟಿಗೆ ಬಹಳ ಹೆಸರಾಯಿತು. ಮುಚ್ಚಿದರೆ ಉದ್ದನೆಯ ಡಬ್ಬಿ, ಬಿಚ್ಚಿದರೆ ಚಪ್ಪಟೆಯಾಗಿ ಹಾಸಿಕೊಂಡು ಒಳಗೆ ಒಂದೊಂದು ಪಾದಕ್ಕೂ ಒಂದೊಂದು ಗೂಡು. ಆ ಕಾಲದ ಇಂಥ ಸಾಮಾನುಗಳಲ್ಲಿ ಕ್ವಿಲ್ಟರ್ ಎಂಬುದೂ ಒಂದು. ಪಾದದ ಪಕ್ಕಕ್ಕೆ ಚಾಚಿದ ಬಾಗಿದ ಸಲಾಕೆ ಅದು. ಮೊದಲ ಹೊಲಿಗೆಯ ಸಾಲಿನ ಮೇಲೆ ಆ ಸಲಾಕೆಯ ತುದಿ ಓಡಿದರೆ ಎರಡನೆಯ ಸಾಲು ಸಮದೂರದಲ್ಲಿ ಬೀಳುತ್ತದೆ. ಹೊಲದಲ್ಲಿ ಕೂರಿಗೆಯ ಸಾಲು ಹಿಂದಿನ ಸಾಲನ್ನು ನೋಡಿಕೊಂಡು ಹೋಗುವಂತೆಯೇ ಇದು. ಒಕ್ಕಲುತನದವರಿಗೆ ಬೇರೆ ವಿವರಣೆ ಬೇಡ.

ನಮ್ಮ ದೇಶಕ್ಕೂ ಸಿಂಗರ್ ಯಂತ್ರ ಹತ್ತೊಂಬತ್ತನೆಯ ಶತಮಾನದಲ್ಲೇ ಬಂತು. ಯಂತ್ರಗಳ ವ್ಯಾಮೋಹವನ್ನು ವಿರೋಧಿಸಿದ ಗಾಂಧೀಜಿಯವರು 1924ರಲ್ಲಿ ಒಬ್ಬ ವಿದ್ಯಾರ್ಥಿಯೊಡನೆ ಮಾತಾಡುತ್ತ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕಷ್ಟಪಟ್ಟು ಹೊಲಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ, ಅದರ ಹಿಂದೆ ಪ್ರೀತಿ ಇದೆ ಎಂಬುದು ಅವರ ಮಾತಿನ ತಾತ್ಪರ್ಯ. ಇತಿಹಾಸಕಾರರು ಆ ಕಥೆಯನ್ನು ಹೋವ್‌ನ ಮನೆಗೆ ಸೇರಿಸುತ್ತಾರೆ, ಸಿಂಗರ್‌ನ ಸಂಸಾರದ ಕಥೆ ಬೇರೆಯೇ. ಆದರೂ ಗಾಂಧೀಜಿಯವರು ಹೇಳಬೇಕೆಂದದ್ದು ಸ್ಪಷ್ಟ: ಯಂತ್ರ ಮನುಷ್ಯನ ಕೈಗೆ ನೆರವಾಗಬೇಕು, ಕೈಯನ್ನು ಕಸಿಯಬಾರದು. 1930ರ ದಶಕದಲ್ಲಿ ಕಲ್ಕತ್ತೆಯ ಜೇ ಇಂಜಿನಿಯರಿಂಗ್ ವರ್ಕ್ಸ್ ಉಷಾ ಯಂತ್ರವನ್ನು ತಯಾರಿಸಿತು. ಮುಂದೆ ನಮ್ಮ ಹಳ್ಳಿಗಳಲ್ಲಿ ಹೊಲಿಗೆ ಮಿಷನ್ ಎಂದರೆ ಉಷಾ ಎನ್ನುವಷ್ಟು ಅದು ಬಳಕೆಗೆ ಬಂತು.

ವೀಸದ ಲೆಕ್ಕ

ಈಗ ಕಾಲಿಂಚಿನ ಮಾತಿಗೆ ಬರೋಣ. ಪ್ಯಾಚ್‌ವರ್ಕಿನಲ್ಲಿ ಮಾರ್ಜಿನ್ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್. ಅದಕ್ಕಿಂತ ಕಡಿಮೆಯಾದರೆ ಒಗೆತಕ್ಕೆ ಎಳೆ ಬಿಟ್ಟು ಹೊಲಿಗೆ ಬಿಚ್ಚುತ್ತದೆ. ಹೆಚ್ಚಾದರೆ ಬಟ್ಟೆ ದಂಡ, ಮೇಲಾಗಿ ಒಳಗೆ ದಪ್ಪ ಗಂಟು ಬೆಳೆಯುತ್ತದೆ.

ನಮ್ಮ ಹಿರಿಯರ ಲೆಕ್ಕದಲ್ಲಿ ಕಾಲರ ಅರ್ಧ ಅರೆಕಾಲು, ಅರೆಕಾಲರ ಅರ್ಧ ವೀಸ. ಎರಡೂವರೆ ಇಂಚು ಅಗಲದ 8 ಪಟ್ಟಿಗಳನ್ನು ಜೋಡಿಸುತ್ತೇವೆ ಎಂದಿಟ್ಟುಕೊಳ್ಳಿ. ಒಟ್ಟು 20 ಇಂಚು. 8 ಪಟ್ಟಿಗೆ 7 ಹೊಲಿಗೆ. ಒಂದೊಂದು ಹೊಲಿಗೆಗೆ ಎರಡೂ ಕಡೆಯ ಕಾಲಿಂಚು ಸೇರಿ ಅರ್ಧ ಇಂಚು ಬಟ್ಟೆ ಒಳಗೆ ಹೋಗುತ್ತದೆ, 7 ಹೊಲಿಗೆಗೆ ಮೂರೂವರೆ ಇಂಚು. ಉಳಿಯಬೇಕಾದದ್ದು ಹದಿನಾರೂವರೆ ಇಂಚು. ಈಗ ಹೊಲಿಗೆ ಬರೀ ಒಂದು ವೀಸ ಇಂಚು ಒಳಗೆ ಬಿತ್ತು ಅನ್ನಿ. ಎರಡೂ ಕಡೆ ಸೇರಿ ಅರೆಕಾಲು ಇಂಚು, 7 ಹೊಲಿಗೆಗೆ 7/8 ಇಂಚು. ಹೆಚ್ಚುಕಡಿಮೆ ಒಂದು ಇಂಚೇ ಮಾಯ! ಪಕ್ಕದಲ್ಲಿ ಸರಿಯಾಗಿ ಹೊಲಿದ ಇನ್ನೊಂದು ಸಾಲನ್ನು ಇಟ್ಟರೆ ಎರಡೂ ಹೇಗೆ ಕೂಡಬೇಕು? ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ಒಳ್ಳೆಯದಕ್ಕೂ ಸರಿ, ತಪ್ಪಿಗೂ ಸರಿ.

ಈ ವಿಷಯದಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಅರ್ನೆಸ್ಟ್ ಹೈಟ್ ಎಂಬ ರೈತನ ಕಥೆ ಕೇಳುವಂಥದ್ದು. ಕೃಷಿ ಎಂಜಿನಿಯರಿಂಗ್ ಓದಿದ ಅವರು 1930ರ ದಶಕದಲ್ಲಿ ಹೆಂಡತಿ ಜೋಡಿಸಿದ ಕ್ವಿಲ್ಟಿನ ಮೂಲೆಗಳು ಕೂಡಿಲ್ಲವೆಂದು ಎತ್ತಿ ಆಡಿದರಂತೆ. ಅಷ್ಟು ಬಲ್ಲವರಾದರೆ ನೀವೇ ಮಾಡಿ ತೋರಿಸಿ ಎಂದು ಆಕೆ ಸವಾಲು ಹಾಕಿದರಂತೆ. ಆತ ಸುಮ್ಮನಾಗಲಿಲ್ಲ, ಹೊಲಿಗೆಗೆ ಕುಳಿತೇಬಿಟ್ಟರು. ಮುಂದೆ ನೂರಾರು ಕ್ವಿಲ್ಟ್ ಮಾಡಿ, ಮನೆಯ ಸಾದಾ ಯಂತ್ರದಲ್ಲೇ ಕ್ವಿಲ್ಟಿಂಗ್ ಮಾಡುವ ಕ್ರಮವನ್ನು 1974ರಲ್ಲಿ ಒಂದು ಪುಸ್ತಿಕೆಯಾಗಿ ಹೊರತಂದರು. ಹೊಲಿಗೆ ಹೆಂಗಸರ ಕೆಲಸ ಎನ್ನುವ ನಮ್ಮ ಗಂಡಸರು ಇದನ್ನು ಓದಿಕೊಳ್ಳಲಿ.

ಆ ಕಾಲದ ಯಂತ್ರಗಳಲ್ಲಿ ನೇರ ಹೊಲಿಗೆ ಒಂದೇ. ಪಾದ ಕಿರಿದು, ಸೂಜಿಯ ತೂತು ಸಣ್ಣದು. 1933ರಲ್ಲಿ ಬಂದ ಸಿಂಗರ್ ಫೆದರ್‌ವೇಟ್ ಎಂಬ ಸುಮಾರು 5 ಕಿಲೋ ತೂಕದ ಪುಟ್ಟ ಯಂತ್ರವನ್ನು ಕ್ವಿಲ್ಟಿನವರು ಇಂದಿಗೂ ಹುಡುಕಿ ಕೊಳ್ಳುವುದು ಅದರ ನೇರ ಹೊಲಿಗೆಗಾಗಿ. ಎರಡನೆಯ ಮಹಾಯುದ್ಧದ ನಂತರ ಜಿಗ್‌ಜಾಗ್ ಯಂತ್ರಗಳು ಮನೆಗಳಿಗೆ ಬಂದವು. ಸೂಜಿ ಎಡಕ್ಕೂ ಬಲಕ್ಕೂ ಓಲಾಡಬೇಕಾದ್ದರಿಂದ ಪಾದ ಅಗಲವಾಯಿತು, ಅದರ ತೂತೂ ಅಗಲವಾಯಿತು. ಪಾದದ ಅಂಚಿಗೆ ಬಟ್ಟೆಯ ಅಂಚು ಹೊಂದಿಸಿ ಹೊಲಿದರೆ ಕಾಲು ಇಂಚಿನ ಬದಲು ಇನ್ನೂ ಹೆಚ್ಚು ಬರತೊಡಗಿತು. ಯಂತ್ರಕ್ಕೆ ಹತ್ತು ಹೊಸ ವಿದ್ಯೆ ಬಂದಾಗ ಹಳೆಯ ಒಂದು ವಿದ್ಯೆ ಮರೆತಂತಾಯಿತು.

ಈ ನಡುವೆ 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ ಹಳೆಯ ಕ್ವಿಲ್ಟುಗಳನ್ನು ಚಿತ್ರಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. ಮನೆಯ ಹೊದಿಕೆಗೆ ಕಲೆಯ ಮಾನ ಬಂತು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಚಕ್ರದಂಥ ಅಲಗಿನ ಕತ್ತರಿಯನ್ನು ತಂದಿತು. ಬಟ್ಟೆಯ ನಾಲ್ಕಾರು ಪದರಗಳನ್ನು ಒಟ್ಟಿಗೇ ಪಟ್ಟಿ ಹಿಡಿದು ಕತ್ತರಿಸುವುದು ಸಾಧ್ಯವಾಯಿತು. ಕತ್ತರಿಸುವುದು ಕರಾರುವಾಕ್ಕಾದ ಮೇಲೆ ಹೊಲಿಗೆಯ ತಪ್ಪು ಎದ್ದು ಕಾಣತೊಡಗಿತು. ಆದ್ದರಿಂದ ಕಾಲಿಂಚಿನ ಪಾದಕ್ಕೆ ಬೇಡಿಕೆ ಬೆಳೆಯಿತು. ಸೂಜಿಯಿಂದ ಪಾದದ ಬಲ ಅಂಚಿಗೆ ಸರಿಯಾಗಿ ಕಾಲು ಇಂಚು, ಕೆಲವಕ್ಕೆ ಬಟ್ಟೆ ದಾಟದಂತೆ ತಡೆಯುವ ಸಣ್ಣ ಲೋಹದ ಗೋಡೆ, ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ತೋರಿಸುವ ಗುರುತು. ಸ್ವಿಟ್ಜರ್ಲೆಂಡಿನ ಬರ್ನಿನಾ ಕಂಪನಿಯ 37ನೇ ನಂಬರಿನ ಪಾದ ಇಂಥದ್ದೇ.

ನಡೆಯುವ ಪಾದ, ಕುಣಿಯುವ ಪಾದ

ತುಂಡು ಜೋಡಿಸಿದ ಮೇಲೆ ಮೂರು ಪದರ ಕೂಡಿಸಿ ಹೊಲಿಯುವಾಗ ಬೇರೆ ತೊಂದರೆ ಬರುತ್ತದೆ. ಕೆಳಗಿನ ಹಲ್ಲು ಅಸ್ತರನ್ನು ಮುಂದೆ ಎಳೆಯುತ್ತದೆ, ಮೇಲಿನ ಪಾದ ಮೇಲ್ಪದರವನ್ನು ತಡೆದು ಹಿಡಿಯುತ್ತದೆ. ಕೆಳಗಿನದು ಮುಂದೆ, ಮೇಲಿನದು ಹಿಂದೆ. ಕೊನೆಗೆ ಮೇಲೆ ಸುಕ್ಕು. ಜೋಡೆತ್ತಿನಲ್ಲಿ ಒಂದು ಎಳೆದು ಒಂದು ನಿಂತರೆ ಬಂಡಿ ಹೇಗೆ ಓರೆಯಾಗುತ್ತದೋ ಹಾಗೆ.

ಇದಕ್ಕೆ ಪರಿಹಾರ ವಾಕಿಂಗ್ ಫೂಟ್, ಅಂದರೆ ನಡೆಯುವ ಪಾದ. ಇದರ ತಳದಲ್ಲೂ ಹಲ್ಲು ಇವೆ. ಬದಿಯಲ್ಲಿ ಒಂದು ತೋಳು ಇದ್ದು ಅದು ಸೂಜಿ ಬಿಗಿಯುವ ತಿರುಪಿನ ಮೇಲೆ ಕೂರುತ್ತದೆ. ಸೂಜಿ ಏಳುವಾಗ, ಇಳಿಯುವಾಗ ಆ ತೋಳು ಪಾದವನ್ನು ಎತ್ತಿ ಇಳಿಸುತ್ತದೆ. ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಜರ್ಮನಿಯ ಫಾಫ್ ಕಂಪನಿ 1968ರಲ್ಲಿ ಈ ಮೇಲಿನ ಎಳೆತವನ್ನು ಯಂತ್ರದ ಒಳಗೇ ಜೋಡಿಸಿತು. ಬಳ್ಳಿ, ಹೂವು ಮುಂತಾದ ಬಾಗಿದ ಗೆರೆಗಳಿಗೆ ಇನ್ನೊಂದು ಬಗೆಯ ಪಾದ. ಕೆಳಗಿನ ಹಲ್ಲನ್ನು ಇಳಿಸಿ, ಸ್ಪ್ರಿಂಗ್ ಇರುವ ರಫೂ ಪಾದ ಹಾಕಿ, ಕೈಯಿಂದಲೇ ಬಟ್ಟೆಯನ್ನು ಬೇಕಾದ ಕಡೆ ಸರಿಸುವುದು. ಸೂಜಿ ಏಳುವಾಗ ಆ ಪಾದವೂ ಕುಣಿದಂತೆ ಮೇಲೇಳುತ್ತದೆ. ಅಮೆರಿಕದ ಪಡುಕಾ ಊರಿನ ದೊಡ್ಡ ಸ್ಪರ್ಧೆಯಲ್ಲಿ 1989ರಲ್ಲಿ ಕ್ಯಾರಿಲ್ ಬ್ರಯರ್ ಫಾಲರ್ಟ್ ಅವರ ಯಂತ್ರದಲ್ಲಿ ಹೊಲಿದ ಕ್ವಿಲ್ಟ್‌ಗೆ ಮೊದಲ ಸಲ ಅತ್ಯುನ್ನತ ಬಹುಮಾನ ಬಂತು. ಯಂತ್ರದ್ದು ಕೀಳು, ಕೈಯದ್ದೇ ಮೇಲು ಎಂಬ ಹಳೆಯ ವಾದ ಅಲ್ಲಿಗೆ ಸಡಿಲವಾಯಿತು.

ನಮ್ಮ ಊರಿನ ಪಾಠ

ಇಷ್ಟು ಇತಿಹಾಸ ನಮಗೆ ಯಾಕೆ ಬೇಕಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ನಾಲ್ವರು ಹೆಣ್ಣುಮಕ್ಕಳು ಪಟ್ಟಣದ ಒಬ್ಬ ವ್ಯಾಪಾರಿಗೆ ಚೌಕದ ತುಂಡುಗಳ ಹೊದಿಕೆ ಹೊಲಿದು ಕೊಡಲು ಒಪ್ಪಿಕೊಂಡರು. ಒಬ್ಬೊಬ್ಬರು ತಮ್ಮ ಮನೆಯಲ್ಲೇ ಕೂತು ಭಾಗ ಹೊಲಿದು, ಆಮೇಲೆ ಕೂಡಿಸುವುದು ಎಂದು ಮಾತು. ಕೂಡಿಸಿದಾಗ ಮೂಲೆಗೆ ಮೂಲೆ ಸೇರಲಿಲ್ಲ. ವ್ಯಾಪಾರಿ ಅರ್ಧ ಮಾಲು ತಿರುಗಿ ಕಳಿಸಿದ, ಉಳಿದದ್ದಕ್ಕೆ ಕೂಲಿ ಕಡಿದ. "ಹಳ್ಳಿ ಹೆಣ್ಮಕ್ಕಳ ಕೈ ಸಾಪಿಲ್ರಿ" ಎಂಬ ಮಾತು ಬೇರೆ. ಕೂಲಿ ಹೋದದ್ದಕ್ಕಿಂತ ಆ ಮಾತು ಅವರಿಗೆ ಹೆಚ್ಚು ನಾಟಿತು.

ಆಮೇಲೆ ನಾಲ್ಕೂ ಮನೆಯ ಹೊಲಿಗೆಯನ್ನು ಪಟ್ಟಿ ಹಿಡಿದು ಅಳೆದು ನೋಡಿದಾಗ ಯಾರ ಹೊಲಿಗೆಯೂ ಸೊಟ್ಟಗಿರಲಿಲ್ಲ. ಪ್ರತಿಯೊಬ್ಬರದೂ ದಾರ ಹಿಡಿದಂತೆ ನೇರ. ಆದರೆ ನಾಲ್ಕು ಮನೆಯಲ್ಲಿ ನಾಲ್ಕು ಬಗೆಯ ಯಂತ್ರ, ನಾಲ್ಕು ಅಗಲದ ಪಾದ. ಎಲ್ಲರೂ ಪಾದದ ಅಂಚನ್ನೇ ನಂಬಿ ಹೊಲಿದಿದ್ದರು. ಕೈ ಸರಿಯಿತ್ತು, ಅಳತೆ ಬೇರೆ ಬೇರೆ ಇತ್ತು. ಅವರಲ್ಲೊಬ್ಬಾಕೆ "ಅಲ್ರೀ ಅಕ್ಕಾರ, ನಾಕ ಮಂದಿ ನಾಕ ಸೇರು ಹಿಡದು ಜೋಳ ಅಳದ್ರ ಲೆಕ್ಕ ಹೆಂಗ ಕೂಡತೈತಿ?" ಎಂದಳು. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು.

ಸಹಕಾರದ ಮೂಲ ತತ್ವವೂ ಇದೇ ಅಲ್ಲವೇ? ಹಾಲಿನ ಡೇರಿಯಲ್ಲಿ ಎಲ್ಲರ ಹಾಲಿಗೂ ಒಂದೇ ಅಳತೆ, ಒಂದೇ ಪರೀಕ್ಷೆ. ಸಂಘಕ್ಕೆ ಒಂದೇ ಬೈಲಾ. ಒಬ್ಬೊಬ್ಬರು ಎಷ್ಟೇ ಪ್ರಾಮಾಣಿಕವಾಗಿ ದುಡಿದರೂ ಅಳತೆ ಒಂದಾಗದಿದ್ದರೆ ದುಡಿಮೆ ಒಂದಾಗುವುದಿಲ್ಲ.

ಆದ್ದರಿಂದ ಹೊಲಿಗೆಯ ಅಕ್ಕತಂಗಿಯರಿಗೆ ಉಪಯೋಗವಾಗಲೆಂದು ನಾಲ್ಕು ಮಾತು:

1. ಮೊದಲು ಪರೀಕ್ಷೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ ಜೋಡಿಸಿ, ಇಸ್ತ್ರಿ ಮಾಡಿ, ನಡುವಿನ ಪಟ್ಟಿಯನ್ನು ಅಳೆಯಿರಿ. ಸರಿಯಾಗಿ ಒಂದು ಇಂಚು ಇರಬೇಕು. ಕಡಿಮೆ ಬಂದರೆ ಹೊಲಿಗೆ ಒಳಗೆ ಬೀಳುತ್ತಿದೆ, ಹೆಚ್ಚು ಬಂದರೆ ಅಂಚಿಗೆ ಬೀಳುತ್ತಿದೆ. ಬಟ್ಟೆ ಮಡಚಿಕೊಳ್ಳುವ ಜಾಗದಲ್ಲಿ ದಾರದ ದಪ್ಪವೂ ಸ್ವಲ್ಪ ತಿನ್ನುತ್ತದೆ. ಆದ್ದರಿಂದ ಕಾಲಿಂಚಿಗೆ ಒಂದೆರಡು ಎಳೆಯಷ್ಟು ಕಡಿಮೆ ಹಿಡಿಯುವುದು ಬಲ್ಲವರ ಪದ್ಧತಿ.

2. ಪಾದ ಕೊಳ್ಳುವಾಗ ಯಂತ್ರದ ಕಂಬಿಯ ಎತ್ತರ ನೋಡಿರಿ. ಪಾದ ಇಳಿಸಿದಾಗ ಬಿಗಿಯುವ ತಿರುಪಿನ ನಡುವಿನಿಂದ ತಳಕ್ಕೆ ಸುಮಾರು ಮುಕ್ಕಾಲು ಇಂಚು ಇದ್ದರೆ ಲೋ ಶ್ಯಾಂಕ್, ಒಂದೂಕಾಲು ಇಂಚಿನ ಹತ್ತಿರ ಇದ್ದರೆ ಹೈ ಶ್ಯಾಂಕ್. ಮನೆಯ ಕಪ್ಪು ಯಂತ್ರಗಳು ಸಾಮಾನ್ಯವಾಗಿ ಲೋ ಶ್ಯಾಂಕ್. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

3. ಒಂದೇ ತೂತಿನ ಕಾಲಿಂಚಿನ ಪಾದ ಹಾಕಿದಾಗ ಜಿಗ್‌ಜಾಗ್ ಹಾಕಬಾರದು. ಸೂಜಿ ಪಾದಕ್ಕೆ ಬಡಿದು ಮುರಿಯುತ್ತದೆ, ಚೂರು ಕಣ್ಣಿಗೆ ಹಾರುವ ಅಪಾಯ ಉಂಟು. ಮೊದಲ ಹೊಲಿಗೆಯನ್ನು ಕೈಯಿಂದ ಚಕ್ರ ತಿರುಗಿಸಿ ನೋಡಿಕೊಳ್ಳಿರಿ.

4. ಹೊಸ ಪಾದ ಸಿಗದಿದ್ದರೆ ಕೈಕಟ್ಟಿ ಕೂರಬೇಕಾಗಿಲ್ಲ. ಸೂಜಿಯಿಂದ ಬಲಕ್ಕೆ ಕಾಲು ಇಂಚು ಅಳೆದು, ಹಲ್ಲಿಗೆ ತಾಗದಂತೆ ತಟ್ಟೆಯ ಮೇಲೆ ದಪ್ಪ ಅಂಟುಪಟ್ಟಿಯನ್ನು ಐದಾರು ಪದರ ಅಂಟಿಸಿದರೆ ಬಟ್ಟೆ ಓಡಲು ಗೋಡೆಯಾಗುತ್ತದೆ. ನಾಲ್ಕು ಮನೆಯವರು ಒಂದೇ ಅಳತೆಯ ಪಟ್ಟಿಯಿಂದ ಇದನ್ನು ಹಾಕಿಕೊಂಡರೆ ಕೆಲಸ ಕೂಡಿತೆಂದೇ ತಿಳಿಯಿರಿ.

ಆ ನಾಲ್ವರು ಹೀಗೇ ಮಾಡಿಕೊಂಡರು. ಅವರ ಮುಂದಿನ ಹೊದಿಕೆಗಳ ಮೂಲೆಗಳು ಕೂಡಿದವು. ಯಾವ ಮೂಲೆ ಯಾರ ಮನೆಯದೆಂದು ಹೇಳಲು ಬರಲಿಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿತು. ಯಂತ್ರಕ್ಕೆ ಸಾಲ, ಸಹಾಯ ಎಂದರೆ ಎಲ್ಲರ ಕಣ್ಣು ಯಂತ್ರದ ಮೇಲೆಯೇ ಇರುತ್ತದೆ, ಅದರ ಪಾದದ ಮೇಲೆ ಇರುವುದಿಲ್ಲ. ನಮ್ಮ ಸಂಘ ಹೊಲಿಗೆ ಯಂತ್ರಕ್ಕೆ ಸಾಲ ಕೊಡುವಾಗ ಅದರ ಜೊತೆಗೆ ಒಂದು ಕಾಲಿಂಚಿನ ಪಾದ, ಒಂದು ನಡೆಯುವ ಪಾದ, ಒಂದು ಒಳ್ಳೆಯ ಅಳತೆಪಟ್ಟಿ ಸೇರಿಸಿ ಕೊಡುವಂತಾಗಲಿ ಎಂದು ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ. ಯಂತ್ರದ ಬೆಲೆಯ ಮುಂದೆ ಅದು ಸಣ್ಣ ಖರ್ಚು. ಬೇಕಾದರೆ ಪಾದಗಳ ಒಂದು ಪೆಟ್ಟಿಗೆಯನ್ನು ಸಂಘದಲ್ಲೇ ಇಟ್ಟು ಸದಸ್ಯರು ಒಯ್ದು ತಂದು ಬಳಸುವ ಏರ್ಪಾಡೂ ಆಗಬಹುದು.

ಕೈಯಿಂದ ಹೊಲಿಯುವ ಕೌದಿ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಅದರ ಬೆಚ್ಚಗೆ ಬೇರೆ, ಅದರ ಅಂದ ಬೇರೆ. ಅದು ಮನೆಗೆ ಇರಲಿ, ಮೊಮ್ಮಕ್ಕಳಿಗೆ ಇರಲಿ. ಆದರೆ ಪೇಟೆಗೆ ಹೊಲಿದು ನಾಲ್ಕು ಕಾಸು ಗಳಿಸಬೇಕೆಂಬ ಹೆಣ್ಣುಮಕ್ಕಳ ಕೆಲಸಕ್ಕೆ ಯಾರೂ ಹೆಸರಿಡಬಾರದು, ಅವರ ಕೂಲಿಯಲ್ಲಿ ಒಂದು ವೀಸವನ್ನೂ ಯಾರೂ ಕಡಿಯಬಾರದು. ಹನ್ನೆರಡನೆಯ ಶತಮಾನದಲ್ಲೇ ಸೂಜಿಕಾಯಕದ ರಾಮಿತಂದೆಯನ್ನು ಶರಣನೆಂದು ಗೌರವಿಸಿದ ನಾಡು ಇದು. ಸೂಜಿಯ ಕಾಯಕಕ್ಕೆ ಸಲ್ಲಬೇಕಾದ ಮಾನ ಸಲ್ಲಬೇಕು.

ಇಪ್ಪತ್ತೈದು ವರ್ಷ ಎಂದರೆ ನೂರರಲ್ಲಿ ಕಾಲು. ನಮ್ಮ ಸಂಘ ಆ ಮೊದಲ ಕಾಲನ್ನು ಗಟ್ಟಿಯಾಗಿ ಊರಿದೆ. ಉಳಿದ ಮುಕ್ಕಾಲನ್ನೂ ಒಂದೇ ಅಳತೆಯಲ್ಲಿ, ಎಲ್ಲರನ್ನೂ ಕೂಡಿಸಿಕೊಂಡು ನಡೆಯಲಿ ಎಂದು ಹಾರೈಸುತ್ತೇನೆ.